ಚಂದ್ರಿಕೆಯ ಮೇಲೆ ಒಣಗಿದ ಮೀನು

ಗುಂಡ್ಲುಪೇಟೆಯ ಮರಿತಾಯಮ್ಮ ಒಣಮೀನು ಮಾರಿಯೇ ಮಕ್ಕಳನ್ನು ಸಾಕಿದ ಗಟ್ಟಿಗಿತ್ತಿ. ಗಂಡ ಮೂಗಯ್ಯ ತೀರಿಕೊಂಡ ಮೇಲೆ ಈರುಳ್ಳಿ ಲಾರಿ ಹತ್ತಿ ಘಟ್ಟ ಇಳಿದು, ಕಲ್ಲಿಕೋಟೆಯ ಆಚೆಗಿನ ಒಂದು ಕಡಲ ಹಳ್ಳಿಯಿಂದ ಮೀನು ತಂದು ಸಂತೆಮರಹಳ್ಳಿ ಸಂತೆಯಲ್ಲಿ ಮಾರುತ್ತಿದ್ದಳು. ಆ ಹಳ್ಳಿಯಲ್ಲಿ ಚಿರುತೇಯಿ ಎಂಬ ಬೆಸ್ತರ ಹೆಂಗಸು ಅವಳಿಗೆ ಒಡಹುಟ್ಟಿದವಳ ಹಾಗಿದ್ದಳು. ಇವಳದು ಕನ್ನಡ, ಅವಳದು ಮಲಯಾಳ. ಇಬ್ಬರೂ ಅರ್ಧಂಬರ್ಧ ಮಾತು ಕಲಿತು, ಉಳಿದದ್ದನ್ನು ನಗುವಿನಲ್ಲಿ ತೇಲಿಸಿಬಿಡುತ್ತಿದ್ದರು. ಹೋದಾಗಲೆಲ್ಲ ಮರಿತಾಯಮ್ಮನ ಊಟ, ನಿದ್ದೆ ಅವಳ ಗುಡಿಸಲಿನಲ್ಲೇ.

ಕಡಲೇನೂ ಜಿಪುಣತನ ಮಾಡುತ್ತಿರಲಿಲ್ಲ. ಆದರೆ ಆ ಹಳ್ಳಿಗೆ ನೆಟ್ಟಗೊಂದು ರಸ್ತೆಯಿಲ್ಲ, ಮಂಜುಗಡ್ಡೆಯಿಲ್ಲ, ಬಾವಿಯ ನೀರೂ ಉಪ್ಪು. ಹಸಿಮೀನು ಪೇಟೆ ಮುಟ್ಟುವುದರೊಳಗೆ ಕೆಟ್ಟುಹೋಗುತ್ತಿತ್ತು. ಹಾಗಾಗಿ ಹೆಂಗಸರು ಅದಕ್ಕೆ ಉಪ್ಪು ಹಚ್ಚಿ ಮರಳಿನ ಮೇಲೇ ಹರವುತ್ತಿದ್ದರು. ಮರಳು ಮೆತ್ತಿದ ಮೀನಿಗೆ ಸಾಹುಕಾರರು ಹೇಳಿದ್ದೇ ಬೆಲೆ. ಇತ್ತ ಸಂತೆಯಲ್ಲೂ ಗಿರಾಕಿಗಳು ಮೂಗು ಮುರಿಯತೊಡಗಿದರು.

"ಏನಮ್ಮಿ ನಿನ್ ಮೀನು, ಬಾಯ್ಗಾಕಿದ್ರೆ ಕರಕರ ಅಂತದ! ಮರ್ಳು ತಿನ್ನಕ್ಕೆ ಕಾಸ್ ಕೊಡ್ಬೇಕಾ?"

ನಮ್ಮ ಸೀಮೆಯವರ ತಲೆಗೆ ಇದಕ್ಕೆ ಹೊಳೆಯುವ ಮದ್ದು ಒಂದೇ, ಕಣ. ಮಣ್ಣು ಮಿದ್ದು, ದಿಮ್ಮಿಸಿ, ಸಗಣಿ ಸಾರಿಸಿದ ಕಣದಲ್ಲಿ ರಾಗಿ ಬಡಿದರೆ ಒಂದು ಹರಳೂ ಸೇರದು. ಮೀನಿಗೂ ಅದನ್ನೇ ಮಾಡೋಣವೆಂದು ಮರಿತಾಯಮ್ಮ ಹಟ ಹಿಡಿದಳು. ಹೆಂಗಸರು ಅನುಮಾನಿಸಿದರು. "ನಮ್ಮಕ್ಕ ಹೇಳಿದ್ದಾಳೆ, ಸುಳ್ಳಾಗದು" ಎಂದು ಚಿರುತೇಯಿಯೇ ತನ್ನ ಭಾಷೆಯಲ್ಲಿ ಅವರನ್ನು ಒಪ್ಪಿಸಿದಳು. ತೆಂಗಿನ ತೋಟದಾಚೆಯಿಂದ ಕೆಮ್ಮಣ್ಣು ಹೊತ್ತು ಅಗಲವಾದ ಕಣ ಮಾಡಿದರು. ಆ ಸಲ ಬಲೆ ತುಂಬ ಮೀನು ಬಿದ್ದಿತ್ತು. ಅಷ್ಟನ್ನೂ ಕಣಕ್ಕೆ ಸುರಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಪ್ಪುಮೀನು ಬಿಡುವ ನೀರನ್ನು ಮರಳು ಹೀರುತ್ತಿತ್ತು. ಗಟ್ಟಿ ಕಣ ಹೀರಲಿಲ್ಲ. ನೀರು ಅಡಿಯಲ್ಲೇ ನಿಂತು ಮೀನೆಲ್ಲ ಕೊಳೆತು ಹುಳ ಬಿತ್ತು. ಹೆಂಗಸರು ಮೂಗಿಗೆ ಸೆರಗು ಹಿಡಿದು ಅದನ್ನು ಕಡಲಿಗೇ ಎಸೆದರು. ಚಿರುತೇಯಿಯ ಗಂಡ ನಷ್ಟ ತುಂಬಲು ಬಲೆ ಮಾರಿ ವೈನಾಡಿನ ತೋಟಕ್ಕೆ ಕೂಲಿಗೆ ಹೋದ. ಚಿರುತೇಯಿ ಒಂದು ಮಾತೂ ಬಯ್ಯಲಿಲ್ಲ. ಮರಿತಾಯಮ್ಮನ ಗಂಟನ್ನು ತಂದು ಗುಡಿಸಲ ಹೊರಗಿಟ್ಟು ಬಾಗಿಲು ಹಾಕಿಕೊಂಡಳು.

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಊರಿಗೆ ಬಂದ ಮರಿತಾಯಮ್ಮ ಮೀನಿನ ಬುಟ್ಟಿ ಮೂಲೆಗಿಟ್ಟು ಕೂಲಿಗೆ ಹೋಗತೊಡಗಿದಳು. ಆ ಬಾಗಿಲು ಮತ್ತೆ ತೆರೆಯಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಒಂದು ದಿನ ಊರಿನ ರೇಷ್ಮೆ ಬೆಳೆಗಾರರಾದ ಶಾಂತಮಲ್ಲಮ್ಮನವರ ಮನೆಗೆ ಹೋದವಳು ಹಿತ್ತಲಲ್ಲಿ ಒರಗಿಸಿದ್ದ ಚಂದ್ರಿಕೆಗಳ ಮುಂದೆ ನಿಂತುಬಿಟ್ಟಳು. ರೇಷ್ಮೆಹುಳು ಗೂಡು ಕಟ್ಟಲೆಂದು ಹೆಣೆದ ಬಿದಿರ ತಟ್ಟಿಗಳು ಅವು. ರೇಷ್ಮೆಯ ಬೆಲೆ ಬಿದ್ದು ಆ ಮನೆಯಲ್ಲಿ ಹುಳು ಸಾಕುವುದು ನಿಂತಿತ್ತು. ಇದನ್ನು ಗೂಟದ ಮೇಲೆ ಕಟ್ಟಿದರೆ ನೀರು ಕೆಳಗೆ ಸೋರುತ್ತದೆ, ಮರಳು ಮೇಲೆ ಬರುವುದಿಲ್ಲ! ಆದರೆ ಹುಳುವಿನ ಕೋಣೆಯ ಮಡಿ ದೇವರ ಕೋಣೆಗೂ ಇರಲಿಲ್ಲ. ಮೀನು ತಿಂದವರು ಅದರ ಹೊಸಿಲು ತುಳಿಯುವಂತಿರಲಿಲ್ಲ. ರಾಗಿ ಒಣಗಿಸಲು ಎಂದಿದ್ದರೆ ಮುಗಿಯುತ್ತಿತ್ತು. ಮರಿತಾಯಮ್ಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಅವ್ವಾರೆ, ಮೀನ್ ಒಣಾಕಕ್ಕೆ ಕೇಳ್ತಾ ಇವ್ನಿ. ನಾ ಒಂದ್ ಸಂಸಾರ ಕೆಡಿಸ್ಬುಟ್ಟೆ."

ಲಿಂಗ ಕಟ್ಟಿದ ಶಾಂತಮಲ್ಲಮ್ಮನವರ ಮುಖ ಬಿಳಿಚಿಕೊಂಡಿತು. "ಏಳ್ದೆ ಒತ್ಕೊಂಡ್ ಓಗಿದ್ರೆ ನಂಗೆ ಪಾಪ ಇರ್ನಿಲ್ಲ ಕಣೆ. ಈಗ ಏಳ್ಬುಟ್ಟೆಯಲ್ಲ, ನಾನೆಂಗ್ ಕೊಡ್ಲಿ?"

ಮರಿತಾಯಮ್ಮ ಕಣ್ಣೊರೆಸಿಕೊಂಡು ಹೊರಟಳು. ಬೇಲಿ ದಾಟುವಷ್ಟರಲ್ಲಿ ಹಿಂದೆ ಧಡಲ್ ಎಂದು ಸದ್ದಾಯಿತು. ಶಾಂತಮಲ್ಲಮ್ಮ ಚಂದ್ರಿಕೆಗಳನ್ನು ಒಂದೊಂದಾಗಿ ಬೇಲಿಯಾಚೆ ಎಸೆಯುತ್ತಿದ್ದರು.

"ಕಸ ಎಸೀತಿವ್ನಿ. ಕಸನ ಯಾರ್ ಎತ್ಕೊಂಡ್ ಓದ್ರೆ ನಂಗೇನು?"

ಲಾರಿಯವನ ಕಾಲು ಹಿಡಿದು ಮರಿತಾಯಮ್ಮ ಅವನ್ನು ಕಡಲಿಗೆ ಸಾಗಿಸಿದಳು. ಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ತಾನೇ ಒಂದು ಬುಟ್ಟಿ ಮೀನು ಕೊಂಡು, ಗೂಟ ನೆಟ್ಟು, ಹರವಿ, ಬಿಸಿಲಲ್ಲಿ ಕಾದು ಕೂತಳು. ಕೆಳಗಿನಿಂದ ಗಾಳಿ ಆಡಿತು, ನೀರು ಸೋರಿತು, ಮೀನು ಮರಳಿಲ್ಲದೆ ಗರಿಗರಿಯಾಗಿ ಒಣಗಿತು. ಆಮೇಲೆ ಒಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಮುಂದಿನ ವರ್ಷ ಅವರೇ ಬಿದಿರು ತಂದು ಹೆಣೆದುಕೊಂಡರು. ತಾವು ಹೇಳಿದ್ದೇ ಬೆಲೆ ಎನ್ನುತ್ತಿದ್ದ ಸಾಹುಕಾರರೇ ಚೌಕಾಸಿಗೆ ಇಳಿದರು. ಸಂತೆಮರಹಳ್ಳಿಯಲ್ಲಿ ಜನ "ಚಂದ್ರಿಕೆ ಮೀನು" ಎಂದು ಕೇಳಿ ಕೊಳ್ಳತೊಡಗಿದರು.

ಚಿರುತೇಯಿಯೂ ಬೇರೆಯವರ ಬಲೆ ಎಳೆದ ಕೂಲಿಗೆ ದೊರೆತ ಪಾಲಿನ ಮೀನನ್ನು ಬಾಗಿಲ ಮುಂದೆ ಚಂದ್ರಿಕೆ ಕಟ್ಟಿ ಒಣಗಿಸಿದಳು. ಅವಳ ಗಂಡ ಮಾತ್ರ ತೋಟದಿಂದ ಹಿಂದಿರುಗಲಿಲ್ಲ. ಮರಿತಾಯಮ್ಮ ಒಮ್ಮೆ ಧೈರ್ಯ ಮಾಡಿ, ಮೀನು ಕೊಳ್ಳಲೆಂದು ಬುಟ್ಟಿ ಹಿಡಿದು ಅವಳೆದುರು ನಿಂತಳು. ಚಿರುತೇಯಿ ತಲೆಯೆತ್ತಿ ನೋಡಿ, ತಂಬಿಗೆಯಲ್ಲಿ ಕುಡಿಯಲು ನೀರು ತಂದುಕೊಟ್ಟಳು. ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ತನ್ನ ಮೀನನ್ನೆಲ್ಲ ಬಾಚಿ ಬೇರೊಬ್ಬ ವ್ಯಾಪಾರಿಗೆ ಅಳೆದು ಕೊಟ್ಟಳು.