ಮಗುವಿನ ನಕ್ಷತ್ರ ಯಾವುದು?

ಪ್ರಪಂಚ ಹೇಗೆ ಹುಟ್ಟಿತು ಎನ್ನುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅವ್ವನ ಪ್ರಕಾರ ವಿಷ್ಣುವಿನ ಹೊಕ್ಕುಳಿಂದ ತಾವರೆ ಎದ್ದು, ಅದರೊಳಗೆ ಕೂತ ಬ್ರಹ್ಮ ಎಲ್ಲವನ್ನೂ ಮಾಡಿದ. ನನ್ನ ಹೆಂಡತಿಯ ಪ್ರಕಾರ ಯಾರೂ ಏನೂ ಮಾಡಲಿಲ್ಲ. ಸಾವಿರದ ಮುನ್ನೂರ ಎಪ್ಪತ್ತು ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟವಾಯಿತು, ಅಷ್ಟೆ. ಅವಳು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದೇವರಿಲ್ಲ ಎನ್ನುವುದನ್ನು ಬೇರೆಯವರು ಊಟ ಆಯ್ತು ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದಳು. ನನಗೆ ಮೂಡಲಪಾಳ್ಯದಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಶಟರ್ ಎತ್ತಿದ ಕೂಡಲೇ ಊದುಬತ್ತಿ ಹಚ್ಚುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ, ಹಚ್ಚದ ದಿನ ಮಾತ್ರ ಸಂಜೆಯವರೆಗೂ ಕಸಿವಿಸಿ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಗಾಡಿಯಲ್ಲಿ ಕೂತವನು ನಾನು. ಪ್ಲೂಟೋ ಗ್ರಹವೇ ಅಲ್ಲವೆಂದು ವಿಜ್ಞಾನಿಗಳು ತೀರ್ಮಾನಿಸಿದ ವರ್ಷ ಅವ್ವನಿಗೆ ಹಬ್ಬ. "ನಿಮ್ಮೋರಿಗೆ ಎಣಿಸಕ್ಕೇ ಬರಲ್ವಲ್ಲವ್ವ. ನಮ್ಮ ನವಗ್ರಹ ಹಂಗೇ ಅವೆ ನೋಡು," ಎಂದು ಸೊಸೆಯನ್ನು ವಾರವೆಲ್ಲ ಕಾಡಿದಳು. ಸೊಸೆ ನಕ್ಕು, "ತಪ್ಪಾದ್ರೆ ತಿದ್ಕೋತೀವಿ ಅತ್ತೆ. ನೀವು ತಿದ್ಕೊಳಲ್ಲ, ಅಷ್ಟೇ ವ್ಯತ್ಯಾಸ," ಎಂದಳು. ಇಬ್ಬರೂ ಅವರೆಕಾಯಿ ಸುಲಿಯುತ್ತಲೇ ಇದನ್ನೆಲ್ಲ ಮಾತಾಡುತ್ತಿದ್ದರು. ಜಗಳ ಅನ್ನುವಂತಿರಲಿಲ್ಲ.

ಜಗಳವಾಗುತ್ತಿದ್ದುದು ಬೇರೆ ವಿಷಯಕ್ಕೆ. ನಮ್ಮ ಮಗಳಿಗೆ ಆಗ ಎಂಟು ವರ್ಷ. ಅವಳು ನಾವು ಹೆತ್ತ ಮಗುವಲ್ಲ. ಯಾರೋ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಟ್ಟುಹೋದ ಕೂಸನ್ನು, ಅದಕ್ಕೆ ಕೆಲವು ತಿಂಗಳಾಗಿದ್ದಾಗ, ಕಾನೂನು ಪ್ರಕಾರವೇ ದತ್ತು ತಂದಿದ್ದೆವು. ಹುಟ್ಟಿದ ದಿನವನ್ನು ಡಾಕ್ಟರು ಅಂದಾಜಿನಲ್ಲಿ ಬರೆದಿದ್ದರು. ಇದು ಮಗಳಿಗೆ ಗೊತ್ತಿರಲಿಲ್ಲ. ಹೇಳಬೇಕು ಎಂದು ಹೆಂಡತಿ, ಹೇಳುವುದೇ ಬೇಡ ಎಂದು ಅವ್ವ. ಹೇಳೋಣ, ಆದರೆ ಈಗ ಬೇಡ ಎಂದು ನಾನು. ಪ್ರತಿ ವರ್ಷವೂ ನನ್ನದು ಅದೇ 'ಈಗ ಬೇಡ'.

"ದೇವರು ಕೊಟ್ಟ ಮಗು ನೀನು ಅಂತ ಶುರು ಮಾಡಣ," ಎಂದು ಒಂದು ಸಲ ಹೆಂಡತಿಗೆ ಹೇಳಿದೆ.

"ದೇವರು ನಮಗೆ ಕೊಟ್ಟ ಅಂದ್ರೆ, ಇನ್ನೊಬ್ಬಳ ಹತ್ರ ಕಿತ್ಕೊಂಡ ಅಂತಾನೂ ಹೇಳ್ಬೇಕಾಗುತ್ತೆ," ಎಂದಳು.

ನನಗೆ ರೇಗಿತು. "ಮತ್ತೆ ನೀನು ಹೆಂಗೆ ಹೇಳ್ತೀಯ? ಎಲ್ಲಾ ಆಕಸ್ಮಿಕ, ಯಾರೂ ಏನೂ ಮಾಡ್ಲಿಲ್ಲ, ನೀನೂ ಹಂಗೇ ಬಂದೆ ಅಂತಲಾ?"

ಅವಳು ಎದ್ದುಹೋದಳು. ಗೆದ್ದೆ ಅಂದುಕೊಂಡೆ. ಆಮೇಲೆ ಯೋಚಿಸಿದರೆ, ಅವಳ ಮಾತೂ ಸರಿ, ನನ್ನ ಮಾತೂ ಸರಿ, ಎರಡರಲ್ಲಿ ಒಂದನ್ನೂ ಎಂಟು ವರ್ಷದ ಹುಡುಗಿಯ ಮುಂದೆ ಹೇಳುವ ಹಾಗಿಲ್ಲ. ಪ್ರಪಂಚಕ್ಕೆ ಯಾವ ಕಥೆಯಾದರೂ ನಡೆಯುತ್ತದೆ, ಅದು ಕೇಳಿಸಿಕೊಂಡು ಅಳುವುದಿಲ್ಲವಲ್ಲ.

ಮಗಳೋ, ಎರಡೂ ಪಕ್ಷದವರ ತಲೆ ತಿನ್ನುತ್ತಿದ್ದಳು. ಬ್ರಹ್ಮನಿಗೂ ಮುಂಚೆ ಏನಿತ್ತು ಎಂದರೆ ಅಜ್ಜಿ, "ಬರೀ ನೀರಿತ್ತು ಕಣವ್ವ," ಎನ್ನುವಳು. ಸ್ಫೋಟಕ್ಕೂ ಮುಂಚೆ ಏನಿತ್ತು ಎಂದರೆ ಅಮ್ಮ, "ಕಾಲಾನೇ ಆವಾಗ ಶುರುವಾಗಿದ್ದು, ಮುಂಚೆ ಅನ್ನೋದೇ ಇರ್ಲಿಲ್ಲ," ಎನ್ನುವಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ನಾನೂ ಅಂಗಡಿಯಲ್ಲಿ ಹೀಗೆಯೇ, ಗಿರಾಕಿ ಕೇಳಿದ ಮಾಲಿಲ್ಲದಿದ್ದರೆ ಅದು ಈಗ ಬರುವುದೇ ಇಲ್ಲ ಎಂದು ಸಾಗಹಾಕುತ್ತಿದ್ದೆ.

ಹೀಗಿರುವಾಗ ಉಲ್ಲಾಳದಲ್ಲಿ ನಮ್ಮ ಮನೆ ಎದ್ದಿತು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾಗಿ, ಅದರಲ್ಲಿ ನನ್ನ ಪಾಲಿಗೆ ಉಳಿದಿದ್ದ ಸೈಟು. ಗೃಹಪ್ರವೇಶಕ್ಕೆ ಹೋಮ ಆಗಲೇಬೇಕೆಂದು ಅವ್ವ ಹಟ ಹಿಡಿದಳು. ಹೆಂಡತಿ ಒಪ್ಪಿದಳು. "ಅತ್ತೆಗೋಸ್ಕರ ಮಣೆ ಮೇಲೆ ಕೂರ್ತೀನಿ ರೀ. ಸುಳ್ಳು ಮಾತ್ರ ಹೇಳು ಅನ್ಬೇಡಿ," ಎಂದಳು. ಹೋಮದಲ್ಲಿ ಸುಳ್ಳು ಹೇಳುವ ಸಂದರ್ಭ ಎಲ್ಲಿ ಬರುತ್ತದೆ ಎಂದು ನಾನು ನಕ್ಕೆ.

ಬೆಳಿಗ್ಗೆ ಹಸುವನ್ನು ಒಳಗೆ ಬಿಟ್ಟು, ಹಾಲುಕ್ಕಿಸಿ, ನಾವಿಬ್ಬರೂ ಮಣೆಯ ಮೇಲೆ ಕೂತೆವು. ಮಗಳು ಹೊಸ ಲಂಗ ಹಾಕಿಕೊಂಡು ಅಮ್ಮನ ತೊಡೆಗೆ ಅಂಟಿ ಕೂತಳು. ಕೆಂಗೇರಿಯಿಂದ ಬಂದಿದ್ದ ಪುರೋಹಿತರು ನನ್ನ ಅಂಗೈಗೆ ಅಕ್ಷತೆ ಹಾಕಿ ಸಂಕಲ್ಪ ಶುರುಮಾಡಿದರು. ಬ್ರಹ್ಮನ ಆಯುಸ್ಸಿನ ದ್ವಿತೀಯಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ, ಹೀಗೆ ಸೃಷ್ಟಿಯ ಆರಂಭದಿಂದ ಇಳಿಯುತ್ತ ಇಳಿಯುತ್ತ ಆ ದಿನದ ತಿಥಿಗೆ ಬಂದರು. ಹೆಂಡತಿ ನನ್ನ ಕಡೆ ವಾಲಿ, "ಪರವಾಗಿಲ್ಲ, ಇವರ ಲೆಕ್ಕಾನೂ ಕೋಟಿಯಲ್ಲೇ ಇದೆ," ಎಂದು ಪಿಸುಗುಟ್ಟಿದಳು. ಗೋತ್ರ ಗೊತ್ತಿಲ್ಲವೆಂದಾಗ ಪುರೋಹಿತರು ಕಾಶ್ಯಪ ಗೋತ್ರ ಅಂದುಬಿಟ್ಟರು. ನನ್ನ ನಕ್ಷತ್ರ ಆಯಿತು, ಅವಳದಾಯಿತು.

"ಮಗೂದು?"

ಇದುವರೆಗೆ ದೇವಸ್ಥಾನದ ಅರ್ಚನೆಗಳಲ್ಲಿ ಅವ್ವ ನನ್ನ ನಕ್ಷತ್ರವೊಂದನ್ನೇ ಹೇಳಿ ಮನೆಯವರೆಲ್ಲರದ್ದೂ ಮುಗಿಸುತ್ತಿದ್ದಳು. ಈಗಲೂ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೆಂಡತಿ, "ಗೊತ್ತಿಲ್ಲ," ಎಂದಳು.

ಪುರೋಹಿತರು ನಕ್ಕರು. "ಹೆತ್ತ ತಾಯಿ ನೀವೇ ಗೊತ್ತಿಲ್ಲ ಅಂದ್ರೆ ಹೇಗಮ್ಮಾ? ಹುಟ್ಟಿದ ಹೊತ್ತು ಹೇಳಿ, ನಾನೇ ನೋಡಿ ಹೇಳ್ತೀನಿ."

"ಅದೂ ಗೊತ್ತಿಲ್ಲ."

ಮಗಳು ತಲೆ ಎತ್ತಿ ಅವಳ ಮುಖ ನೋಡಿದಳು. "ಅಮ್ಮ, ನಾನು ಹುಟ್ಟಿದಾಗ ನೀನು ಇರ್ಲಿಲ್ವಾ?"

ನೆಂಟರೆಲ್ಲ ನಮ್ಮ ಕಡೆ ತಿರುಗಿದರು. ಹೆಂಡತಿ ಮಗಳ ಕೈ ಹಿಡಿದುಕೊಂಡಳು. ಅಂಗೈಯ ಅಕ್ಷತೆ ಹಾಗೇ ಹಿಡಿದುಕೊಂಡು ನಾನೇ ಹೇಳಿದೆ, "ಇಲ್ಲ ಪುಟ್ಟಿ. ಅಮ್ಮಾನೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಸ್ವಲ್ಪ ದಿನ ಆದ್ಮೇಲೆ ಬಂದ್ವಿ."

ಪುರೋಹಿತರಿಗೆ ಅರ್ಥವಾಗಿರಬೇಕು. "ಹೆಸರಿನ ಮೊದಲಕ್ಷರದ ಮೇಲೆ ನಕ್ಷತ್ರ ಹೇಳ್ತೀನಿ ಬಿಡಿ, ಅದೂ ಶಾಸ್ತ್ರಾನೇ," ಎಂದು ಮೆಲ್ಲಗೆ ಹೇಳಿ ಮುಂದುವರಿಸಿದರು. ಯಾವ ನಕ್ಷತ್ರ ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಮಗಳು ಎದ್ದು ಹೋಗಿ ಹೊರಗೆ ಕಟ್ಟಿದ್ದ ಹಸುವಿನ ಹತ್ತಿರ ನಿಂತಳು. ಪೂರ್ಣಾಹುತಿ ಆಗುವವರೆಗೂ ಒಳಗೆ ಬರಲಿಲ್ಲ.

ಊಟ ಮುಗಿದು ನೆಂಟರು ಹೊರಟ ಮೇಲೆ ಮೂವರೂ ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಡತಿಯೇ ಹೇಳಿದಳು. ನಿನ್ನನ್ನು ಹೆತ್ತವಳು ಇನ್ನೊಬ್ಬಳು, ಅವಳಿಗೆ ಇಟ್ಟುಕೊಳ್ಳಲು ಆಗಲಿಲ್ಲ, ಯಾಕೆಂದು ನಮಗೆ ಗೊತ್ತಿಲ್ಲ, ಯಾರೆಂದೂ ಗೊತ್ತಿಲ್ಲ. ನಿನ್ನನ್ನು ನಮ್ಮ ಕೈಗೆ ಕೊಟ್ಟ ದಿನ ನಾವಿಬ್ಬರೂ ಅತ್ತಿದ್ದೆವು, ಅದು ಗೊತ್ತು. ದೇವರೂ ಬರಲಿಲ್ಲ ಅದರಲ್ಲಿ, ಆಕಸ್ಮಿಕವೂ ಬರಲಿಲ್ಲ. ಇಷ್ಟು ಸುಲಭವಾಗಿ ಹೇಳಬಹುದಾಗಿದ್ದಕ್ಕೆ ಇಷ್ಟು ವರ್ಷ ಗುದ್ದಾಡಿದೆವೇ ಎನಿಸಿತು.

ಮಗಳು ಅಳಲಿಲ್ಲ. ಲಂಗದ ಜರಿ ಎಳೆಯುತ್ತ ಕೂತಿದ್ದವಳು ಅಮ್ಮನನ್ನು ಕೇಳಿದಳು, "ಪ್ರಪಂಚ ಹುಟ್ಟಿದಾಗ್ಲೂ ನೀನು ಇರ್ಲಿಲ್ಲ ಅಲ್ವಾ? ಅದು ಗೊತ್ತು ನಿಂಗೆ. ನಂದು ಯಾಕೆ ಗೊತ್ತಿಲ್ಲ?"

ಬೇರೆ ದಿನವಾಗಿದ್ದರೆ ಮೇಡಂ ಉತ್ತರವಿಲ್ಲದೆ ಕೂತದ್ದನ್ನು ಕಂಡು ನನಗೆ ಖುಷಿಯಾಗುತ್ತಿತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಮಗಳು ನನ್ನ ಕಡೆ ತಿರುಗಿದಳು. "ಅಪ್ಪ, ನಿನ್ನ ದೇವರಿಗೆ ಗೊತ್ತಾ?"

"ಗೊತ್ತಿರುತ್ತೆ," ಎಂದೆ. ಅದನ್ನು ನಂಬಿಯೇ ಹೇಳಿದೆನೋ, ಅವಳ ಸಮಾಧಾನಕ್ಕೆ ಹೇಳಿದೆನೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

"ಕೇಳಿದ್ಯಾ?"

ಮಗು ಬೇಕು ಎಂದು ಕಂಡ ಕಂಡ ದೇವರನ್ನೆಲ್ಲ ಕೇಳಿದ್ದೆ. ಯಾರ ಮಗು ಎಂದು ಒಂದು ದಿನವೂ ಕೇಳಿರಲಿಲ್ಲ.

"ಇಲ್ಲ," ಎಂದೆ.

"ಈಗ ಕೇಳು."

ಆ ಕೋಣೆಯಲ್ಲಿ ಒಂದು ದೇವರ ಪಟವೂ ಇರಲಿಲ್ಲ. ಏನು ಮಾಡಬೇಕೋ ತೋಚದೆ ಹೆಂಡತಿಯ ಮುಖ ನೋಡಿದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಕೇಳ್ರೀ," ಎಂದಳು.