ತೊಕುಜಿ ಕೂರುತ್ತಿದ್ದ ಬಂಡೆ

ತೊಕುಜಿ ದುಡಿಯುವ ವಯಸ್ಸನ್ನೆಲ್ಲ ನಾಗಾನೊ ಬೆಟ್ಟಗಳ ತಿರುವಿನಲ್ಲಿ ಬಸ್ಸು ಓಡಿಸಿ ಕಳೆದವನು. ಕ್ಲಚ್ಚು ಒತ್ತಿ ಒತ್ತಿ ಎಡಮಂಡಿ ಸವೆದುಹೋಗಿತ್ತು. ನಿವೃತ್ತನಾದ ದಿನ ಕಂಪನಿಯವರು ಹೂಗುಚ್ಛ ಕೊಟ್ಟು, ಇನ್ನು ಮೇಲೆ ಆರಾಮವಾಗಿ ಕೂತಿರಿ ಎಂದು ಹರಸಿ ಕಳಿಸಿದರು. ಆದರೆ ಹೆಂಡತಿ ಮಿತ್ಸುಯೊ ಕೂರಲು ಬಿಡಬೇಕಲ್ಲ!

ಅವಳಿಗೆ ಟೀವಿಯಿಂದ ಶಕ್ತಿಸ್ಥಳಗಳ ಹುಚ್ಚು ಹತ್ತಿತ್ತು. ಈ ಗುಡಿಯ ಮರ ಮುಟ್ಟಿದರೆ ಅದೃಷ್ಟ, ಆ ಗುಡಿಯ ಬುಗ್ಗೆಯಲ್ಲಿ ಕೈಯದ್ದಿದರೆ ಆಯಸ್ಸು ಎಂದು ಯಾರಾದರೂ ಹೇಳಿದರೆ ಸಾಕು, ಮರುದಿನ ಬೆಳಿಗ್ಗೆಯೇ ಅನ್ನದುಂಡೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು. ಈ ದೇವರುಗಳಿಗೋ, ಸಪಾಟು ನೆಲದಲ್ಲಿ ವಾಸ ಮಾಡಿದರೆ ಮರ್ಯಾದೆ ಕಡಿಮೆ ಎಂಬ ಭ್ರಮೆ. ಎಲ್ಲರೂ ಕಲ್ಲುಮೆಟ್ಟಿಲುಗಳ ತುದಿಯಲ್ಲೇ ಬೀಡುಬಿಟ್ಟಿದ್ದರು. ತೊಕುಜಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ಹಲ್ಲು ಕಚ್ಚಿ, ಹಿಂದೆ ಹಿಂದೆ ಹತ್ತುತ್ತಿದ್ದ. ಅವನು ಮೇಲೆ ಮುಟ್ಟುವಷ್ಟರಲ್ಲಿ ಅವಳ ಬೇಡಿಕೆ ಮುಗಿದಿರುತ್ತಿತ್ತು. ಏನು ಬೇಡಿಕೊಂಡಳೆಂದು ಅವನು ಒಮ್ಮೆಯೂ ಕೇಳಲಿಲ್ಲ. ಬೇರೆ ಗಂಡನನ್ನು ಕೇಳುತ್ತಿದ್ದರೆ ಅದನ್ನು ತಿಳಿದು ಮಾಡುವುದೇನು?

ಅವನಿಗೆ ಇಷ್ಟವಿದ್ದುದು ತಮ್ಮೂರಿನದೇ, ನಾಲ್ಕೇ ನಾಲ್ಕು ಮೆಟ್ಟಿಲಿನ ಪುಟ್ಟ ಗುಡಿ. ಅದರ ಹಿಂದೆ ದೇವದಾರು ಮರದ ಕೆಳಗೆ ಒಂದು ಚಪ್ಪಟೆ ಬಂಡೆ. ಮಿತ್ಸುಯೊ ಮುಂಬಾಗಿಲಲ್ಲಿ ಕೈಮುಗಿದು ಮುಗಿಸುವವರೆಗೆ ಅವನು ಅದರ ಮೇಲೆ ಕೂತು ಅನ್ನದುಂಡೆ ತಿನ್ನುತ್ತಿದ್ದ. ಲೋಕದಲ್ಲಿ ಅವನನ್ನು ಯಾರೂ ಎಬ್ಬಿಸದ ಜಾಗ ಅದೊಂದೇ.

ಒಂದು ವಸಂತದ ದಿನ ಹಾಗೆ ಕೂತಿದ್ದವನು ಏಳಲು ಹೊರಟ. ಮಂಡಿ ಛಳಕ್ ಎಂದಿತು. ಬಂಡೆಗೆ ಅಂಗೈಯೂರಿ, ಕಣ್ಣು ಮುಚ್ಚಿ, ನೋವಿಗೆ ಏನೇನೋ ಗೊಣಗಿದ. ಕಣ್ಣು ಬಿಟ್ಟು ನೋಡಿದರೆ, ಹಿಂದೆ ಹ್ಯಾಟು ಹಾಕಿದ ಹೆಂಗಸೊಬ್ಬಳು ವಿನಯದಿಂದ ಕಾಯುತ್ತಿದ್ದಾಳೆ! ಅವಳ ಹಿಂದೆ ಒಂದು ಜೋಡಿ, ಅವರ ಹಿಂದೆ ಇನ್ನೂ ಯಾರೋ. ಇಬ್ಬರು ಒಬ್ಬರ ಹಿಂದೊಬ್ಬರು ನಿಂತರೆ ಮೂರನೆಯವರು ಯಾಕೆಂದು ಕೇಳುವ ಊರಲ್ಲ ಇದು. ಕೇಳುವುದು ಒರಟುತನ, ನಿಂತುಬಿಡುವುದು ಕ್ಷೇಮ. ಪ್ರಯಾಣಿಕರನ್ನು ಎಂದೂ ಕಾಯಿಸದ ತೊಕುಜಿ ನಾಚಿ, ಬಾಗಿ ನಮಿಸಿ ಪಕ್ಕಕ್ಕೆ ಸರಿದ. ಹೆಂಗಸು ಬಂಡೆಗೆ ಅಂಗೈಯೂರಿ, ಕಣ್ಣು ಮುಚ್ಚಿ, ಅವನಂತೆಯೇ ಸಣ್ಣಗೆ ನರಳಿದಳು. ಅವಳ ಹಿಂದಿನವರೂ ಶ್ರದ್ಧೆಯಿಂದ ನರಳಿದರು.

ಎಲೆಗಳು ಕೆಂಪಾಗುವ ಹೊತ್ತಿಗೆ ಬಂಡೆಯ ಸುತ್ತ ಇದು ದೇವರ ಜಾಗ ಎಂದು ಸಾರುವ ಹುಲ್ಲಿನ ಹಗ್ಗ ಬಂತು, ಬಿಳಿಕಾಗದದ ಜಾಲರಿ ಬಂತು, ಬಂಡೆಯ ಚಿತ್ರದ ತಾಯಿತವೂ ಬಂತು. ಜೊತೆಗೊಂದು ಫಲಕ: ಇಲ್ಲಿ ಕೂರಬಾರದು. ಪೂಜಾರಿ ಕುರಾತಾ ಕೆಟ್ಟವನೇನಲ್ಲ, ಆದರೆ ಗುಡಿಯ ಸೂರು ಸೋರುತ್ತಿತ್ತು. ತೊಕುಜಿ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಕುರಾತಾ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಮಹಿಮೆ ಇಲ್ಲ ಅನ್ನೋಕೆ ನಾನ್ಯಾರು, ನೀವ್ಯಾರು ಯಜಮಾನ್ರೇ?"

"ಹಾಗಾದ್ರೆ ನಾನೆಲ್ಲಿ ಕೂತ್ಕೊಳ್ಲಿ?"

"ನೀವೂ ಸಾಲಲ್ಲಿ ನಿಂತ್ಕೊಳ್ಳಿ," ಎಂದ ಕುರಾತಾ.

ಕೊನೆಗೆ ಸುದ್ದಿ ಟೀವಿಗೆ ಬಂದು, ಅಲ್ಲಿಂದ ಆ ವರ್ಷವೆಲ್ಲ ದೂರದ ಗುಡಿಗಳ ಗುಂಗಿನಲ್ಲೇ ಇದ್ದ ಮಿತ್ಸುಯೊಳ ಕಿವಿಗೂ ಬಿತ್ತು. ಮಹಾಶಕ್ತಿ ನಮ್ಮ ಊರಲ್ಲೇ ಬಿದ್ದಿರುವಾಗ ನಾವು ಊರೂರು ಸುತ್ತಿದೆವಲ್ಲಾ ಎಂದು ಹಲುಬಿ, ಗಂಡನನ್ನು ಎಳೆದುಕೊಂಡೇ ಬಂದಳು. ಬೆಳಗಿನ ಹೊತ್ತೆಲ್ಲ ಸಾಲಿನಲ್ಲಿ ನಿಂತದ್ದಾಯಿತು. ತಾನು ಕೂರುತ್ತಿದ್ದ ಬಂಡೆ ನೋಡಲು ತಾನೇ ನಿಂತಿದ್ದೇನೆ ಎಂದುಕೊಂಡಾಗ ತೊಕುಜಿಗೆ ತಡೆಯಲಾಗಲಿಲ್ಲ. ಇವತ್ತು ಎಲ್ಲ ಹೇಳಿಬಿಡುತ್ತೇನೆ, ಈ ಬಂಡೆಯ ಬಂಡವಾಳ ಬಯಲಾದರೆ ಇವಳ ಹುಚ್ಚೂ ಬಿಡುತ್ತದೆ, ನನಗೂ ಮೆಟ್ಟಿಲು ತಪ್ಪುತ್ತದೆ ಎಂದು ನಿಶ್ಚಯಿಸಿದ. ಬಾಯಿ ತೆರೆಯುವಷ್ಟರಲ್ಲಿ ಸರದಿ ಬಂದೇಬಿಟ್ಟಿತು.

ಮಿತ್ಸುಯೊ ಬಾಗಿ ನಮಿಸಿ, ದೇವರನ್ನು ಕರೆಯಲು ಚಪ್ಪಾಳೆ ತಟ್ಟಿ, ಅಂಗೈಯೂರಿದಳು. ವರ ಕೊಡುವಾಗ ದೇವರಿಗೆ ಮನೆ ತಪ್ಪಬಾರದಲ್ಲ, ಪದ್ಧತಿಯಂತೆ ಮೊದಲು ಹೆಸರು ವಿಳಾಸ ಹೇಳಿದಳು. ಕಿವಿ ಮಂದವಾದ ಮೇಲೆ ಅವಳ ಪಿಸುಮಾತು ಸಾಲಿನ ಅರ್ಧಕ್ಕೆ ಕೇಳುತ್ತಿತ್ತು.

"ಕೆಳಗಿನ ಪೇಟೆ, ಅಕ್ಕಿ ಗಿರಣಿ ಪಕ್ಕದ್ಮನೆ ಮಿತ್ಸುಯೊ. ಎಲ್ಲಾ ಕಡೆ ಕೇಳಿದ್ದನ್ನೇ ಇಲ್ಲೂ ಕೇಳ್ತಿದೀನಿ. ನಮ್ಮನೆಯವರ ಮಂಡಿನೋವು ವಾಸಿಯಾಗ್ಲಿ. ಪಾಪ, ಬಾಯಿಬಿಟ್ಟು ಹೇಳ್ಕೊಳ್ಳೋರಲ್ಲ."

ಅಷ್ಟೂ ಮೆಟ್ಟಿಲುಗಳು, ಅಷ್ಟೂ ಬೆಟ್ಟಗಳು, ಮಂಡಿಯನ್ನು ಪೂರಾ ಹಾಳುಮಾಡಿದ ಅಷ್ಟೂ ಯಾತ್ರೆಗಳು ಈ ಮಂಡಿಗಾಗಿಯೇ! ತೊಕುಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವಳ ಮೇಲೆ ಇಷ್ಟು ಪ್ರೀತಿ ಅವನಿಗೆ ಎಂದೂ ಉಕ್ಕಿರಲಿಲ್ಲ. ಹೇಳಬೇಕೆಂದಿದ್ದ ಮಾತನ್ನೆಲ್ಲ ನುಂಗಿಕೊಂಡ. ಇಳಿಯುವಾಗ ಕಂಬಿ ಹಿಡಿಯದೆ, ಬೆವರಿಳಿಯುತ್ತಿದ್ದರೂ ನೋವನ್ನು ಮುಖದಲ್ಲಿ ತೋರಗೊಡದೆ, ಸರಸರನೆ ನಾಲ್ಕೂ ಮೆಟ್ಟಿಲಿಳಿದ.

"ನೋವು ಹೋಗೇಬಿಟ್ಟಿದೆ ಕಣೇ," ಎಂದ.

ಮಿತ್ಸುಯೊ ಅಲ್ಲೇ ನಿಂತು ಕರವಸ್ತ್ರಕ್ಕೆ ಮುಖ ಒತ್ತಿ ಅತ್ತಳು. ಆಮೇಲೆ ಮೂಗೊರಸಿಕೊಂಡು, ಏನೋ ಲೆಕ್ಕ ಹಾಕುವವಳಂತೆ ಬೆಟ್ಟದ ಸಾಲನ್ನು ನೋಡಿದಳು.

"ಬೇಡಿದ್ದು ಕೊಟ್ಟ ಮೇಲೆ ಹೋಗಿ ಕೈಮುಗಿದು ಬರಬೇಕಲ್ರೀ. ಯಾವ ದೇವರು ವಾಸಿ ಮಾಡಿದ್ದೋ ಏನೋ, ಒಬ್ಬರನ್ನ ಬಿಟ್ರೆ ಇನ್ನೊಬ್ಬರಿಗೆ ಬೇಜಾರು. ಎಲ್ಲಾ ಕಡೇನೂ ಇನ್ನೊಂದ್ಸಲ ಹೋಗ್ಬಿಡೋಣ. ನಾಳೆ ಮೊದಲು ಜಲಪಾತದ ಗುಡಿಗೆ."

"ಅಲ್ಲಿ ಮೆಟ್ಟಿಲು ಜಾಸ್ತಿ ಅಲ್ವೇನೇ?" ಎಂದ ತೊಕುಜಿ ಮೆಲ್ಲಗೆ.

"ಇದ್ರೇನಂತೆ," ಎಂದಳು ಮಿತ್ಸುಯೊ, "ಈಗ ನಿಮ್ಗೆ ಮಂಡಿನೋವು ಇಲ್ವಲ್ಲ."