ಕಂಬ ಗಟ್ಟಿಯಾಗುವ ತನಕ

ಬಡಿಗೇರ ಕಾಕಾರ ಹುಬ್ಬುಗಳಲ್ಲಿ ಸದಾ ಕಟ್ಟಿಗೆಯ ಪುಡಿ ಕೂತಿರುತ್ತಿತ್ತು. ಸಾಗವಾನಿ ಕೊಯ್ದ ದಿನ ಹೊಂಬಣ್ಣ, ಬೇವು ಕೊಯ್ದ ದಿನ ಕೆಂಪು. ಹುಬ್ಬೇರಿಸಿ ಮಾತಾಡಿದರೆ ಅದು ಚಹಾದ ಬಸಿಗೆ ಉದುರುವುದು. ಅವರು ಅದನ್ನೂ ಸೇರಿಸಿಯೇ ಕುಡಿಯುತ್ತಿದ್ದರು.

ಇಳಕಲ್ಲಿನಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವರ ಕೆಲಸದ ಚಪ್ಪರ. ಅವರ ಮೇಲೆ ಎಲ್ಲರದೂ ಒಂದೇ ದೂರು: ಭಾಳ ನಿಧಾನ. "ಯಾವಾಗ ಮುಗಿತೈತ್ರಿ ಕಾಕಾ?" ಎಂದರೆ, "ಮುಗದ ದಿನ" ಎನ್ನುತ್ತಿದ್ದರು.

ನಮಗೆ ಅವರು ಬೇಕಾದದ್ದು ನಮ್ಮ ಅತ್ತೆಯವರ ಸಲುವಾಗಿ. ನಲವತ್ತು ವರ್ಷ ಕೈಮಗ್ಗದ ಮುಂದೆ ಕೂತು ಸೀರೆ ನೇಯ್ದ ಜೀವ. ವಯಸ್ಸಾದಂತೆ ನೆನಪು ತಪ್ಪಿತು. ದಿನಾ ಬೆಳಿಗ್ಗೆ ಒಂದು ಗಂಟು ಕಟ್ಟಿಕೊಂಡು ಅಮೀನಗಡದ ತವರಿಗೆ ಹೊರಡುವರು. ನಮ್ಮ ಅಂಗಳ ದಾಟಿದರೆ ಲಾರಿಗಳ ರಸ್ತೆ. ಒಂದು ದಿನ ನಾನು ಕಣ್ಣು ಮುಚ್ಚಿ ಲಿಂಗಪೂಜೆಗೆ ಕೂತಿದ್ದೆ. ಕಣ್ಣು ತೆರೆದಾಗ ಲಾರಿಯ ಡ್ರೈವರನೊಬ್ಬ ಅವರ ರಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದ. "ಒಂದ ಗೇಣದಾಗ ಉಳದಾರ್ರಿ ಅಕ್ಕಾರ" ಎಂದ. ಶಿವ ಉಳಿಸಿದ. ಆದರೆ ಅವತ್ತಿನಿಂದ ಒಂದು ಕಣ್ಣು ಅತ್ತೆಯ ಮೇಲಿಟ್ಟೇ ನನ್ನ ಪೂಜೆ ನಡೆಯಿತು.

ನಮ್ಮ ಯಜಮಾನರು ಗೌಂಡಿಯನ್ನು ಕರೆಸಿ ಅಂಗಳದ ಬಾಯಿಗೆ ಎರಡು ಇಟ್ಟಂಗಿ ಕಂಬ ಕಟ್ಟಿಸಿದರು. ಅಟ್ಟದ ಮೇಲೆ ಅತ್ತೆಯ ಮಗ್ಗದ ಸಾಗವಾನಿ ಬಿದ್ದಿತ್ತು. ಅದರಲ್ಲೇ ಬಾಗಿಲು ಮಾಡಿಕೊಡಿ ಎಂದು ಕಾಕಾರ ಚಪ್ಪರಕ್ಕೆ ಹೊರೆಸಿ ಕಳಿಸಿದೆವು. ಕಂಬ ಕಟ್ಟಿದ ಐದನೆಯ ದಿನಕ್ಕೆ ಯಜಮಾನರಿಗೆ ಅವಸರ. ಕಾಕಾರನ್ನು ಕರೆತಂದು, "ನಾಳೆ ತಂದು ಹಚ್ಚಿಬಿಡ್ರಿ" ಎಂದರು.

ಕಾಕಾ ಇಟ್ಟಂಗಿಯ ಸಂದಿಯನ್ನು ಉಗುರಿನಿಂದ ಕೆರೆದು ನೋಡಿದರು. "ಐದ ದಿನದ ಕೂಸಿನ ಹೆಗಲಮ್ಯಾಲ ಜ್ವಾಳದ ಚೀಲಾ ಹೊರಸ್ತೀಯೇನಪಾ? ಇನ್ನೂ ಹಸಿ ಐತಿ. ಬಾಗಲಾ ಹಚ್ಚಿದ್ರ ಕಂಬಾನ ಕೆಡವತೈತಿ. ಇನ್ನೆರಡ ವಾರ ನೀರ ಉಣಸ್ರಿ."

"ಅಲ್ಲಿತನಾ ನಮ್ಮವ್ವನ್ನ ಯಾರ ಹಿಡೀಬೇಕು? ನಿಮಗೇನ್ರಿ, ಹೇಳಿ ಹೋಗ್ತೀರಿ!"

ಕಾಕಾ ಸೈಕಲ್ ಹತ್ತಿ ಹೋದರು. ನನಗೂ ಸಿಟ್ಟು ಬಂದಿತ್ತು, ಯಾಕೆ ಸುಳ್ಳು ಹೇಳಲಿ.

ಮರುದಿನ ಹೊತ್ತು ಏರುವ ಮೊದಲೇ ಆ ಸಾಗವಾನಿ, ಗರಗಸ, ಉಳಿ ಎಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಬಂದರು. ಎರಡು ಕಂಬಗಳ ನಟ್ಟನಡುವೆ ಗೋಣಿಚೀಲ ಹಾಸಿ ಕೂತರು. "ಚಪ್ಪರದಾಗ ಮಾಡೂದ ಇಲ್ಲೇ ಮಾಡತೇನಿ. ಕಂಬ ಗಟ್ಟಿ ಆಗೂತನಾ ನಾನ ಬಾಗಲಾ ಅಂತ ತಿಳಕೊಳ್ರಿ."

ಅತ್ತೆ ಗಂಟು ಹಿಡಿದು ಬಂದೇ ಬಂದರು. "ಸರಿಯೋ ತಮ್ಮಾ, ನಮ್ಮವ್ವ ಕಾಯಾಕತ್ತಾಳ."

"ಹೋಗೀರಂತ ದೊಡ್ಡವ್ವಾ. ತವರಿಗೆ ಏನ ಒಯ್ಯಾಕತ್ತೀರಿ, ತೋರಸ್ರಿ ನೋಡೂಣು."

ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದರು. ಒಂದು ಹಳೆಯ ಸೀರೆ, ಅರ್ಧ ರೊಟ್ಟಿ, ಒಂದು ಬಾಚಣಿಕೆ.

"ಬರೇ ಅರ್ಧ ರೊಟ್ಟಿ! ನಿಮ್ಮ ತಮ್ಮ ನಗೂದಿಲ್ಲೇನು?"

"ಅವಾ? ಹೊಟ್ಟಿಬಾಕ! ರೊಟ್ಟಿ ತಿಂದ ಮ್ಯಾಲ ನಗತಾನ" ಎಂದು ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು. ಸೀರೆ ಮಡಿಸಿ ಮತ್ತೆ ಗಂಟು ಕಟ್ಟುವಷ್ಟರಲ್ಲಿ ಎಲ್ಲಿಗೆ ಹೊರಟಿದ್ದೆ ಎಂಬುದೇ ಅವರಿಗೆ ಮರೆತುಹೋಗುತ್ತಿತ್ತು. ಕಾಕಾ ದಿನಾ ಅದೇ ಪ್ರಶ್ನೆ ಕೇಳಿದರು, ಒಮ್ಮೆಯೂ ಬೇಸರದ ದನಿಯಲ್ಲಿ ಕೇಳಲಿಲ್ಲ. ನಾನು ಒಳಗೆ ಎರಡೂ ಕಣ್ಣು ಮುಚ್ಚಿ ಪೂಜೆ ಮಾಡಿದೆ. ಅದೆಂಥ ಸುಖ ಎಂದು ಕಳೆದುಕೊಂಡು ಪಡೆದವರಿಗೇ ಗೊತ್ತು.

ನಡುವೆ ಅಮಾವಾಸ್ಯೆ ಬಂತು. ಅವತ್ತು ಬಡಿಗೇರರು ಆಯುಧ ಮುಟ್ಟುವುದಿಲ್ಲ, ಚಪ್ಪರ ಬಂದ್. ಇವತ್ತು ಅತ್ತೆಯ ಸೆರಗು ಹಿಡಿದೇ ಕೂರಬೇಕು ಎಂದುಕೊಂಡು ಹೊರಗೆ ಬಂದರೆ, ಮಡಿ ಧೋತರ ಉಟ್ಟ ಕಾಕಾ ಬರಿಗೈಯಲ್ಲಿ ಅದೇ ಗೋಣಿಚೀಲದ ಮೇಲೆ ಕೂತಿದ್ದಾರೆ.

"ಇವತ್ತ ಅಮಾಸಿ ಅಲ್ಲೇನ್ರಿ ಕಾಕಾ?"

"ಉಳಿಗೆ ಸೂಟಿ ಐತವಾ. ನನಗಿಲ್ಲ."

ಎರಡು ವಾರ ತುಂಬಿದ ಮೇಲೆ ಕಂಬಕ್ಕೆ ಕಬ್ಬಿಣದ ಕೀಲು ಕೂರಿಸಿ, ಸಿಮೆಂಟು ಹಿಡಿದದ್ದು ಖಾತ್ರಿಯಾದ ನಂತರವೇ ಬಾಗಿಲು ತೂಗುಹಾಕಿದರು. ಎರಡು ಕದಗಳು ಕೂಡುವ ಕಡೆ ಒಂದು ಜೋಳದ ಕಾಳಿನಷ್ಟು ಮೇಲಕ್ಕೆ ಇಟ್ಟರು. ಕಟ್ಟಿಗೆ ತನ್ನ ಭಾರಕ್ಕೆ ಅಷ್ಟು ಜೋತು ಬಿದ್ದಾಗ ಸಮ ಆಗುತ್ತದಂತೆ. ನಾನು ಸಂದಿಲ್ಲದ ಹಲಗೆ ಬಡಿಯಿರಿ ಎಂದಿದ್ದೆ. ಅವರು ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ ಅವರ ಕಣ್ಣಿನ ಎತ್ತರ ಅಳೆದು, ಅಲ್ಲಿ ಮಾತ್ರ ಬಿಡಿಬಿಡಿ ಪಟ್ಟಿ ಹಾಕಿದರು. "ಓಣಿ ಕಾಣಲಿಲ್ಲಂದ್ರ ಅದು ಮನಿ ಅಲ್ಲವಾ, ಜೇಲು." ಚಿಲಕ ಮಾತ್ರ ಮೊಣಕಾಲಿಗಿಂತ ಕೆಳಗೆ. ಅತ್ತೆಗೆ ಬಗ್ಗಲು ಬರುತ್ತಿರಲಿಲ್ಲ, ಅದನ್ನು ಕಾಕಾ ನೋಡಿಟ್ಟಿದ್ದರು.

ಅತ್ತೆ ಇನ್ನೆರಡು ವರ್ಷ ಇದ್ದರು. ಪಟ್ಟಿಗಳ ನಡುವಿನಿಂದ ಹೋಗಿಬರುವವರನ್ನೆಲ್ಲ ಚಹಾಕ್ಕೆ ಕರೆದರು. ರಸ್ತೆಯ ಮೇಲಲ್ಲ, ತಮ್ಮ ಹಾಸಿಗೆಯ ಮೇಲೆ, ನನ್ನ ಕೈಯಿಂದ ಎರಡು ಗುಟುಕು ನೀರು ಕುಡಿದು ಲಿಂಗೈಕ್ಯರಾದರು.

ಅವತ್ತು ಅಂಗಳದಲ್ಲಿ ಅತ್ತೆಯನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದಾಗ ಕಾಕಾ ಬಂದರು. ಅತ್ತೆಗೆ ಕೈಮುಗಿದು, ಸೀದಾ ಬಾಗಿಲ ಹತ್ತಿರ ಹೋಗಿ ಒಂದೊಂದೇ ಕದವನ್ನು ಕೀಲಿನಿಂದ ಮೇಲಕ್ಕೆತ್ತಿ ಗೋಡೆಗೆ ಆನಿಸತೊಡಗಿದರು. ಅವರ ವಯಸ್ಸಿಗೆ ಅದು ಸಣ್ಣ ಭಾರವಲ್ಲ.

"ತೆರದ್ರ ಸಾಕಲ್ರಿ ಕಾಕಾ, ಕಿತ್ತೂದ್ಯಾಕ?" ಎಂದರು ಯಜಮಾನರು.

"ಇಷ್ಟ ದಿನಾ ತಡದೇವಿ. ಇವತ್ತ ದೊಡ್ಡವ್ವಗ ದಾರಿ ಬಯಲಿರಲಿ."

ಮೂರನೆಯ ದಿನ ತಾವೇ ಬಂದು ಮತ್ತೆ ತೂಗುಹಾಕಿದರು. ಚಹಾ ಮಾಡುತ್ತೇನೆ ಎನ್ನುವಷ್ಟರಲ್ಲಿ ಹೋಗಿಯಾಗಿತ್ತು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನಾನು ದೇವರ ದರ್ಶನಕ್ಕೆಂದು ಮಹಾಕೂಟಕ್ಕೆ ಹೋಗಿದ್ದೆ, ಕಡೆಯ ಸಲ ಅವರ ಮುಖ ನೋಡಲು ಸಿಗಲಿಲ್ಲ. ಬಂದವಳೇ ಅವರ ಮನೆಗೆ ಓಡಿದೆ. ಅವರ ಹೆಂಡತಿ ಕಾಕು ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. "ಆ ಎರಡ ವಾರ ನಿಮ್ಮ ಮನಿಗೆ ಕೆಲಸಕ್ಕ ಹೊಂಟೇನಿ ಅಂತ ಒಂದಿನಾನೂ ಅನಲಿಲ್ಲವಾ" ಎಂದರು, "ದೊಡ್ಡವ್ವನ ಕಡೆ ಕುಂಡ್ರಾಕ ಹೊಂಟೇನಿ ಅಂತಿದ್ರು."

ಅವರಿದ್ದಾಗ ಒಂದು ದಿನವೂ ನಾನು ಅವರಿಗೆ ಬಾಯಿಬಿಟ್ಟು ಶರಣು ಅಂದವಳಲ್ಲ. ಕಾಕುವಿನ ಪಾದ ಹಿಡಿದೆ. ಬಿಡು ಎಂದರೂ ಸ್ವಲ್ಪ ಹೊತ್ತು ಬಿಡಲಿಲ್ಲ.